ಆರ್‌ಟಿಇ ಸೀಟು ಮತ್ತು ಕಂದಾಯ ಗ್ರಾಮದ ಗಡಿ: ಶಿಕಾರಿಪುರ, ಸೊರಬದ ನೆಲೆಯಿಂದ ವೋಚರ್ ವಾದದ ಪರಿಶೀಲನೆ

ಶಿಕ್ಷಣದ ಹಣವನ್ನು ಶಾಲೆಗೆ ಕೊಡುವ ಬದಲು ಮಗುವಿನ ಹೆಸರಿಗೆ ಕೊಟ್ಟರೆ ಆಯ್ಕೆ ಪಾಲಕರ ಕೈಗೆ ಬರುತ್ತದೆ, ಸರ್ಕಾರದ ಹಿಡಿತ ಸಡಿಲವಾಗುತ್ತದೆ. 1955ರಲ್ಲಿ ಮಿಲ್ಟನ್ ಫ್ರೀಡ್‌ಮನ್ ಮಂಡಿಸಿದ ವೋಚರ್ ವಾದದ ತಿರುಳು ಇದು. ಕರ್ನಾಟಕದಲ್ಲಿ ಇದಕ್ಕೆ ತೀರ ಹತ್ತಿರದ್ದೆಂದರೆ ಜನ ‘ಆರ್‌ಟಿಇ ಸೀಟು’ ಎನ್ನುವ ವ್ಯವಸ್ಥೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 12(1)(ಸಿ) ಅನ್ವಯ ಅನುದಾನರಹಿತ ಖಾಸಗಿ ಶಾಲೆಗಳು ಪ್ರವೇಶ ತರಗತಿಯ ಶೇ. 25ರಷ್ಟು ಸೀಟುಗಳನ್ನು ನೆರೆಹೊರೆಯ ದುರ್ಬಲ ವರ್ಗದ ಮಕ್ಕಳಿಗೆ ಬಿಟ್ಟುಕೊಡಬೇಕು. ಶುಲ್ಕವನ್ನು ಸರ್ಕಾರ ಒಂದು ಮಿತಿಯೊಳಗೆ ಮರುಪಾವತಿಸುತ್ತದೆ. ಒಂದನೇ ತರಗತಿಗೆ ಆ ಮಿತಿ ವರ್ಷಕ್ಕೆ 16,000 ರೂಪಾಯಿಗೆ ಏರಿತ್ತು.

ಹಿಡಿತ ಸಡಿಲವಾಯಿತೆ? ಇಲ್ಲವೆಂಬುದೇ ಈ ಲೇಖನದ ವಾದ. ಅರ್ಜಿ, ಲಾಟರಿ, ಶುಲ್ಕದ ಮಿತಿ ಎಲ್ಲವೂ ಇಲಾಖೆಯವೇ. ಇವೆಲ್ಲಕ್ಕಿಂತ ಗಟ್ಟಿಯಾದದ್ದು ‘ನೆರೆಹೊರೆ’ಯನ್ನು ನಿರ್ಧರಿಸುವ ಅಧಿಕಾರ. ಪಟ್ಟಣದಲ್ಲಿ ವಾರ್ಡು, ಹಳ್ಳಿಯಲ್ಲಿ ಕಂದಾಯ ಗ್ರಾಮ ನೆರೆಹೊರೆಯಾಯಿತು. ಬೆಂಗಳೂರಿನಲ್ಲಿ ಒಂದು ವಾರ್ಡಿಗೆ ಹಲವು ಖಾಸಗಿ ಶಾಲೆಗಳಿರಬಹುದು. ಸೊರಬದ ಚಂದ್ರಗುತ್ತಿ, ಜಡೆ ಕಡೆಯ ಮಜರೆಗಳ ಮಾತು ಬೇರೆ. ಗದ್ದೆ, ಕಾಡು ದಾಟಿ ಚದುರಿದ ಮನೆಗಳಿಗೆ ಇಂಗ್ಲಿಷ್ ಮಾಧ್ಯಮವೆಂದರೆ ಆನವಟ್ಟಿ, ಶಿರಾಳಕೊಪ್ಪದಂಥ ಪೇಟೆಯ ಶಾಲೆ. ತನ್ನ ಗ್ರಾಮದ ಗಡಿಯೊಳಗೆ ಖಾಸಗಿ ಶಾಲೆಯೇ ಇಲ್ಲದವನಿಗೆ ಕಾಯ್ದೆ ಕೊಟ್ಟ ಆಯ್ಕೆ ಕಾಗದದ ಮೇಲಷ್ಟೆ. ಪೇಟೆಯಲ್ಲಿ ಸೀಟು ಸಿಕ್ಕರೂ ವ್ಯಾನಿನ ಬಾಡಿಗೆ ಮರುಪಾವತಿಯಲ್ಲಿ ಸೇರುವುದಿಲ್ಲ.

ಮುಂದೆ ಪೇಟೆಯವರ ಆಯ್ಕೆಯೂ ಹೋಯಿತು. ಸರ್ಕಾರಿ ಅಥವಾ ಅನುದಾನಿತ ಶಾಲೆಯಿರುವ ನೆರೆಹೊರೆಯಲ್ಲಿ ಖಾಸಗಿ ಶಾಲೆಯನ್ನು ಈ ಸೀಟಿಗೆ ಗುರುತಿಸುವಂತಿಲ್ಲ ಎಂಬ ನಿಯಮ ತಿದ್ದುಪಡಿ 2019–20ರ ಪ್ರವೇಶದಿಂದ ಜಾರಿಯಾಯಿತು. 2019ರ ಮೇ ತಿಂಗಳಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕಾಯ್ದೆಯ ಒಂದಕ್ಷರವೂ ಬದಲಾಗಲಿಲ್ಲ. ರಾಜ್ಯದ ನಿಯಮವೊಂದೇ ಸಾಕಾಯಿತು. ಸರ್ಕಾರಿ ಶಾಲೆ ಉಳಿಯಲಿ ಎಂಬ ಉದ್ದೇಶ ಒಪ್ಪತಕ್ಕದ್ದೇ. ಆದರೆ ಮಕ್ಕಳ ದಾರಿ ಮುಚ್ಚುವುದರಿಂದ ಶಾಲೆ ಸುಧಾರಿಸುತ್ತದೆಂದು ನಂಬಲು ನನಗೆ ಆಧಾರ ಕಾಣುವುದಿಲ್ಲ.

ಖಾಸಗಿ ಶಾಲೆಯ ಮೇಲಿನ ಮೋಹಕ್ಕೂ ಆಧಾರ ತೆಳುವೇ. 2008ರಲ್ಲಿ ಆಂಧ್ರಪ್ರದೇಶದಲ್ಲಿ ಲಾಟರಿಯ ಮೂಲಕ ವೋಚರ್ ಹಂಚಿ ನಡೆಸಿದ ಪ್ರಯೋಗದ ಫಲಿತಾಂಶವನ್ನು ಮುರಳೀಧರನ್ ಮತ್ತು ಸುಂದರರಾಮನ್ 2015ರಲ್ಲಿ ಪ್ರಕಟಿಸಿದರು. ಖಾಸಗಿ ಶಾಲೆಗಳು ಪ್ರತಿ ಮಗುವಿಗೆ ಮಾಡುವ ವೆಚ್ಚ ಸರ್ಕಾರಿ ಶಾಲೆಯ ಮೂರನೇ ಒಂದು ಪಾಲಿಗಿಂತ ಕಡಿಮೆಯಿತ್ತು; ತೆಲುಗು, ಗಣಿತದ ಕಲಿಕೆಯಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ.

ಶಿಕಾರಿಪುರ ತಾಲ್ಲೂಕಿಗೆ ವಿದ್ಯೆಯ ಪೋಷಣೆ ಹೊಸದಲ್ಲ. ಬಳ್ಳಿಗಾವಿಯ ಕೋಡಿಯ ಮಠದಲ್ಲಿ ವೇದ, ವ್ಯಾಕರಣ, ದರ್ಶನಗಳ ಅಧ್ಯಯನ ನಡೆಯುತ್ತಿದ್ದುದನ್ನು 1162ರ ಶಾಸನ ಹೇಳುತ್ತದೆ. ಅಲ್ಲಿ ದತ್ತಿ ಸಲ್ಲುತ್ತಿದ್ದುದು ಸಂಸ್ಥೆಗೆ. ನಮ್ಮ ಕಾಲದಲ್ಲಿ ಮಗುವಿನ ಕೈಗೇ ತಲುಪಿದ ನೆರವೆಂದರೆ, ಶಿಕಾರಿಪುರದ ಶಾಸಕ ಬಿ.ಎಸ್. ಯಡಿಯೂರಪ್ಪ ಹಣಕಾಸು ಸಚಿವರಾಗಿದ್ದಾಗ 2006–07ರಲ್ಲಿ ಶುರುವಾದ ಸೈಕಲ್. ಎಂಟನೇ ತರಗತಿಯ ಮಗುವಿಗೆ ಅದು ಸಿಗುತ್ತಿತ್ತು, ಆದರೆ ಓದುವುದು ಸರ್ಕಾರಿ ಅಥವಾ ಅನುದಾನಿತ ಶಾಲೆಯಾಗಿರಬೇಕಿತ್ತು. ಇಲ್ಲಿಯೂ ನೆರವು ಮಗುವಿಗೆ, ಷರತ್ತು ಶಾಲೆಗೆ.

ಎರಡೂ ಯೋಜನೆಗಳು ಒಂದೇ ಮನೆಯಲ್ಲಿ ಎದುರಾಗುವ ಹಂತ ಅದೇ ಎಂಟನೇ ತರಗತಿ. 2012–13ರಲ್ಲಿ ಆರ್‌ಟಿಇ ಸೀಟಿನಲ್ಲಿ ಒಂದನೇ ತರಗತಿ ಸೇರಿದ ಮಗು 2019–20ಕ್ಕೆ ಅಲ್ಲಿಗೆ ತಲುಪಿತು. ಖಾಸಗಿ ಶಾಲೆಯಲ್ಲಿದ್ದುದರಿಂದ ಅದಕ್ಕೆ ಸೈಕಲ್ ಇಲ್ಲ. ಮರುಪಾವತಿಯೂ ಎಂಟಕ್ಕೇ ಮುಗಿಯಿತು. ಒಂಬತ್ತನೇ ತರಗತಿಯ ಪೂರ್ತಿ ಶುಲ್ಕ ಕಟ್ಟುವುದೋ, ಎಂಟು ವರ್ಷ ಕಲಿತ ಮಾಧ್ಯಮ ಬಿಟ್ಟು ಊರಿನ ಸರ್ಕಾರಿ ಪ್ರೌಢಶಾಲೆಗೆ ಸೇರಿಸುವುದೋ ಎಂಬುದನ್ನು ಪಾಲಕರೇ ತೀರ್ಮಾನಿಸಬೇಕಾಯಿತು; ಆ ಆಯ್ಕೆಗೆ ಯಾವ ನಿಯಮವೂ ಅಡ್ಡ ಬರಲಿಲ್ಲ.