ಅಡುಗೆಮನೆಯ ಯೋಜನೆ (ಬಾಗಲಕೋಟೆ ಜಿಲ್ಲೆ)

ಅಡುಗೆಮನೆಯ ಯೋಜನೆ ಎಂದರೆ ಒಲೆ, ನೀರು, ದಾಸ್ತಾನು ಹಾಗೂ ಗಾಳಿ-ಬೆಳಕುಗಳ ಸ್ಥಾನವನ್ನು ಮನೆ ಕಟ್ಟುವ ಮೊದಲೇ ಅಡುಗೆ ಮಾಡುವವರ ಕೆಲಸಕ್ಕೆ ತಕ್ಕಂತೆ ನಿರ್ಧರಿಸುವ ಕ್ರಮ. ಬಾಗಲಕೋಟೆ ಜಿಲ್ಲೆಯ ಗಲಗಲಿ, ಬೀಳಗಿ, ಜಮಖಂಡಿ, ಮುಧೋಳ ಮುಂತಾದ ಊರುಗಳಲ್ಲಿ ಜೋಳದ ರೊಟ್ಟಿ ನಿತ್ಯದ ಆಹಾರ. ಆದ್ದರಿಂದ ಇಲ್ಲಿ ರೊಟ್ಟಿ ಬಡಿಯುವ ಜಾಗವೇ ಯೋಜನೆಯ ಕೇಂದ್ರವಾಗಿದೆ.

ಸಾಂಪ್ರದಾಯಿಕ ಅಡುಗೆಮನೆ

ಈ ಭಾಗದ ಹಳೆಯ ಮನೆಗಳಿಗೆ ಕಲ್ಲು-ಮಣ್ಣಿನ ದಪ್ಪ ಗೋಡೆ, ಮಣ್ಣಿನ ಮಾಳಿಗೆ. ಪಡಸಾಲೆಯನ್ನು ದಾಟಿದರೆ ಅಡುಗೆಮನೆ. ಬೇಸಿಗೆಯಲ್ಲಿ ಅದು ತಂಪಾಗಿರುತ್ತಿತ್ತು. ಆದರೆ ಕಿಟಕಿಗಳು ವಿರಳವಾಗಿದ್ದು, ಬೆಳಕು ಬರಲು ಮತ್ತು ಹೊಗೆ ಹೋಗಲು ಮಾಳಿಗೆಯ ಬೆಳಕಿಂಡಿಯೇ ಮುಖ್ಯ ದಾರಿಯಾಗಿತ್ತು. ರೊಟ್ಟಿ ಮಾಡುವವರು ಒಲೆಯ ಮುಂದೆ ನೆಲದ ಮೇಲೆ ಕುಳಿತು ಹಿಟ್ಟು ನಾದಿ, ಬಡಿದು, ಹಂಚಿಗೆ ಹಾಕಿ, ನೀರು ಸವರಿ ಬೇಯಿಸುತ್ತಿದ್ದರು. ಎಲ್ಲವೂ ಕೈಗೆಟಕುವಂತಿದ್ದುದು ಈ ವ್ಯವಸ್ಥೆಯ ಗುಣ; ಹೊಗೆ ಅದರ ದೋಷ.

ಬದಲಾವಣೆ

ಆಲಮಟ್ಟಿ ಜಲಾಶಯದ ಹಿನ್ನೀರಿನಿಂದಾಗಿ ಬಾಗಲಕೋಟೆ ಮತ್ತು ಬೀಳಗಿ ಭಾಗದ ಅನೇಕ ಕುಟುಂಬಗಳು ಪುನರ್ವಸತಿ ಕೇಂದ್ರಗಳಿಗೆ ಸ್ಥಳಾಂತರಗೊಂಡು ಹೊಸ ಮನೆಗಳನ್ನು ಕಟ್ಟಿಕೊಂಡವು. ಸಿಮೆಂಟಿನ ಮನೆಗಳೊಂದಿಗೆ ನಿಂತು ಅಡುಗೆ ಮಾಡುವ ಕಟ್ಟೆಯೂ ಬಂದಿತು. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಬಡ ಕುಟುಂಬಗಳಿಗೂ ಅನಿಲ ಸಂಪರ್ಕ ದೊರೆಯಿತು. ಆದರೂ ರೊಟ್ಟಿಗೆ, ಸ್ನಾನದ ನೀರಿಗೆ ಕಟ್ಟಿಗೆ ಒಲೆಯನ್ನು ಉಳಿಸಿಕೊಂಡ ಮನೆಗಳಿವೆ. ನಕ್ಷೆಯಲ್ಲಿ ಸ್ಥಾನವಿಲ್ಲದಿದ್ದರೆ ಈ ಒಲೆ ಗಾಳಿಯಾಡದ ಮೂಲೆಯನ್ನು ಸೇರುತ್ತದೆ.

ಹೊಗೆ ಮತ್ತು ಗಾಳಿ

ಮನೆಯೊಳಗಿನ ವಾಯುಮಾಲಿನ್ಯದಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನರು ಮೃತಪಟ್ಟರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಒಲೆಯ ಬಳಿ ಹೆಚ್ಚು ಹೊತ್ತು ಕಳೆಯುವ ಮಹಿಳೆಯರು ಮತ್ತು ಮಕ್ಕಳಿಗೆ ಅಪಾಯ ಅಧಿಕ. ಕಟ್ಟಿಗೆ ಒಲೆ ಅನಿವಾರ್ಯವಾದಲ್ಲಿ ಹೊಗೆಕೊಳವೆಯುಳ್ಳ ಸುಧಾರಿತ ಒಲೆ ಸೂಕ್ತ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಸ್ಥಾಪನೆಯಾದ 'ಅಸ್ತ್ರ' ಕೇಂದ್ರವು ರೂಪಿಸಿದ ಅಸ್ತ್ರ ಒಲೆ ಇದಕ್ಕೆ ಉದಾಹರಣೆ.

ಅಡುಗೆ ಅನಿಲವು ಗಾಳಿಗಿಂತ ಭಾರವಾದುದರಿಂದ ಸೋರಿದಾಗ ನೆಲಮಟ್ಟದಲ್ಲಿ ಸಂಗ್ರಹವಾಗುತ್ತದೆ. ಆದಕಾರಣ ಸಿಲಿಂಡರ್ ಇಡುವ ಸ್ಥಳದ ಕೆಳಭಾಗದಲ್ಲಿ ಗಾಳಿಕಿಂಡಿ ಇರಬೇಕು. ಸಿಲಿಂಡರನ್ನು ನೇರವಾಗಿ ನಿಲ್ಲಿಸಿ, ಒಲೆಯನ್ನು ಅದಕ್ಕಿಂತ ಎತ್ತರದಲ್ಲಿಡಬೇಕು.

ಅಳತೆಗಳು

ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಪ್ರತ್ಯೇಕ ಊಟದ ಸ್ಥಳವಿರುವ ಮನೆಯಲ್ಲಿ ಅಡುಗೆಮನೆಯ ವಿಸ್ತೀರ್ಣ ಕನಿಷ್ಠ 5 ಚದರ ಮೀಟರ್, ಅಗಲ 1.8 ಮೀಟರ್ ಇರಬೇಕು. ಅಲ್ಲಿಯೇ ಊಟ ಮಾಡುವುದಾದರೆ ಕನಿಷ್ಠ 7.5 ಚದರ ಮೀಟರ್ ವಿಸ್ತೀರ್ಣ, 2.1 ಮೀಟರ್ ಅಗಲ ಅಗತ್ಯ. ಹೊರಗಾಳಿಗೆ ತೆರೆಯುವ ಕಿಟಕಿ 1 ಚದರ ಮೀಟರಿಗಿಂತ ಕಡಿಮೆ ಇರಬಾರದು.

ಕಟ್ಟೆಯ ಎತ್ತರ

ಕಟ್ಟೆಯನ್ನು ಸಾಮಾನ್ಯವಾಗಿ 80ರಿಂದ 85 ಸೆಂಟಿಮೀಟರ್ ಎತ್ತರಕ್ಕೆ ಕಟ್ಟುತ್ತಾರೆ. ಹೆಚ್ಚುವ, ಕಲಸುವ ಕೆಲಸಗಳಿಗೆ ಮೊಣಕೈಗಿಂತ 10ರಿಂದ 15 ಸೆಂಟಿಮೀಟರ್ ತಗ್ಗಿನ ಕಟ್ಟೆ ಅನುಕೂಲಕರ. ರೊಟ್ಟಿ ಬಡಿಯುವಾಗ ಕೈ ಕೆಳಮುಖವಾಗಿ ಒತ್ತುವುದರಿಂದ ಆ ಭಾಗ ಇನ್ನೂ ಸ್ವಲ್ಪ ತಗ್ಗಾಗಿರಬೇಕು. ಇಲ್ಲವಾದರೆ ಭುಜ ಮತ್ತು ಬೆನ್ನಿಗೆ ಆಯಾಸವಾಗುತ್ತದೆ. ಆದ್ದರಿಂದ ಕಟ್ಟೆಯ ಕಲ್ಲು ಕೂಡಿಸುವ ಮುನ್ನ ಅಡುಗೆ ಮಾಡುವವರನ್ನೇ ನಿಲ್ಲಿಸಿ ಅಳತೆ ತೆಗೆದುಕೊಳ್ಳುವುದು ಉತ್ತಮ. ಕುಳಿತೇ ರೊಟ್ಟಿ ಮಾಡುವ ರೂಢಿಯಿರುವ ಮನೆಯಲ್ಲಿ ಕಿಟಕಿಯ ಸಮೀಪ ನೆಲದ ಜಾಗವನ್ನು ಬಿಡಬೇಕಾಗುತ್ತದೆ.

ನೀರು ಮತ್ತು ನೆಲ

ಕೃಷ್ಣಾ ತೀರದ ಎರೆಮಣ್ಣು ನೀರು ಹೀರಿದಾಗ ಉಬ್ಬಿ, ಒಣಗಿದಾಗ ಬಿರಿಯುತ್ತದೆ. ತೊಳೆಯುವ ನೀರು ಬುನಾದಿಯ ಬಳಿ ಇಂಗಿದರೆ ಗೋಡೆ ಸೀಳುವ ಸಂಭವವಿದೆ. ಹೀಗಾಗಿ ಬಚ್ಚಲ ಕೊಳವೆಯನ್ನು ಸೋರದಂತೆ ಜೋಡಿಸಿ, ನೀರನ್ನು ಗೋಡೆಯಿಂದ ದೂರಕ್ಕೆ ಹರಿಸುವುದು ಅವಶ್ಯಕ.