ಕಲ್ಲೆಣ್ಣೆಯ ಎರಡು ಲೆಕ್ಕಗಳು

ಸೀಮೆಯಿಂದ, ಎಂದರೆ ಪರದೇಶದಿಂದ, ಹಡಗನ್ನೇರಿ ಬಂದ ದೀಪದೆಣ್ಣೆಯನ್ನು ನಾವು ಸೀಮೆಎಣ್ಣೆಯೆಂದು ಕರೆದೆವು. ಅದನ್ನು ಕೊಡುವ ಕಲ್ಲೆಣ್ಣೆಯ ಉದ್ಯಮವು ಅಮೆರಿಕೆಯಲ್ಲಿ ಹೇಗೆ ಹುಟ್ಟಿತು, ಅದರ ಲೆಕ್ಕದಲ್ಲಿ ಯಾವುದು ಬಿಟ್ಟುಹೋಯಿತು ಎಂಬುದನ್ನು ಈಗ ವಿಚಾರಮಾಡೋಣ.

ಪೆನ್ಸಿಲ್ವೇನಿಯಾ ಪ್ರಾಂತದ ತೊರೆಗಳ ಮೇಲೆ ತೇಲುತ್ತಿದ್ದ ಕಪ್ಪು ಜಿಡ್ಡನ್ನು ಜನರು ಔಷಧವೆಂದು ಮಾರುತ್ತಿದ್ದರು. 1855ನೆಯ ಇಸವಿಯಲ್ಲಿ ಯೇಲ್ ಕಾಲೇಜಿನ ರಸಾಯನಶಾಸ್ತ್ರಜ್ಞರಾದ ಕಿರಿಯ ಬೆಂಜಮಿನ್ ಸಿಲಿಮನ್ನರು ಅದನ್ನು ಹಂತಹಂತವಾಗಿ ಕಾಯಿಸಿ, ಬಂದ ಆವಿಯನ್ನು ತಣಿಸಿ, ಬೇರೆ ಬೇರೆ ಪಾಲುಗಳಾಗಿ ಬಟ್ಟಿಯಿಳಿಸಿದರು. ಕಲ್ಲೆಣ್ಣೆಯು ಏಕಪದಾರ್ಥವಲ್ಲವಷ್ಟೆ, ಇಂಗಾಲ ಜಲಜನಕಗಳು ಸರಪಣಿಗಳಾಗಿಯೂ ಉಂಗುರಗಳಾಗಿಯೂ ಕೂಡಿಕೊಂಡಿರುವ ನಾನಾ ಸಂಯುಕ್ತಗಳ ಮಿಶ್ರಣವದು. ಗಿಡ್ಡ ಸರಪಣಿಗಳು ಅಲ್ಪ ಶಾಖಕ್ಕೇ ಆವಿಯಾಗುತ್ತವೆ. ನೀಳವಾದವುಗಳಿಗೆ ಹೆಚ್ಚು ಶಾಖ ಬೇಕು. ಈ ಭೇದವೇ ವಿಂಗಡಣೆಗೆ ಆಧಾರ. ಸುಮಾರು ಅರ್ಧ ಪಾಲು ಒಳ್ಳೆಯ ದೀಪದೆಣ್ಣೆಯಾಗಬಲ್ಲುದೆಂದು ಸಿಲಿಮನ್ನರು ವರದಿಮಾಡಿದರು.

ಆ ವರದಿಯಿಂದ ಹಣವಂತರಿಗೆ ಧೈರ್ಯ ಬಂದಿತು. 1859ನೆಯ ಆಗಸ್ಟ್ ಕೊನೆಯಲ್ಲಿ ಟೈಟಸ್‌ವಿಲ್ಲಿನ ಬಳಿ ಎಡ್ವಿನ್ ಡ್ರೇಕರ ಬಾವಿಯಲ್ಲಿ, ಸುಮಾರು 69 ಅಡಿ ಕೊರೆದ ಮೇಲೆ, ಎಣ್ಣೆ ಕಂಡಿತು. ನಮ್ಮ ಅಸ್ಸಾಮಿನ ದಿಗ್ಬೋಯಿಯಲ್ಲಿ 1889ರಲ್ಲಿ ಎಣ್ಣೆ ದೊರೆತು, 1901ರಲ್ಲಿ ಶುದ್ಧೀಕರಣದ ಕಾರ್ಖಾನೆ ನಡೆಯತೊಡಗಿತು. ಮೊದಮೊದಲು ದೀಪದೆಣ್ಣೆಗೆ ಮಾತ್ರವೇ ಬೆಲೆ. ಬೇಗ ಹತ್ತಿಕೊಳ್ಳುವ ಪೆಟ್ರೋಲನ್ನು ಎಷ್ಟೋ ಕಡೆ ಕಸದಂತೆ ಚೆಲ್ಲಿದರು. ಮೋಟಾರು ಬಂಡಿಗಳು ಹೆಚ್ಚಿದ ಮೇಲೆ ಅದೇ ಕಸವು ಸಾಲದಾಯಿತು. ನೀಳ ಸರಪಣಿಗಳನ್ನು ಶಾಖದಿಂದಲೂ ಒತ್ತಡದಿಂದಲೂ ಮುರಿದು ಪೆಟ್ರೋಲನ್ನು ಹೆಚ್ಚಿಸುವ ವಿಧಾನಕ್ಕೆ 1913ರಲ್ಲಿ ವಿಲಿಯಂ ಬರ್ಟನ್ನರು ಪೇಟೆಂಟು ಪಡೆದರು.

ಇದು ಮೊದಲನೆಯ ಲೆಕ್ಕ. ಎರಡನೆಯದೂ ಅದೇ 1859ರಲ್ಲಿಯೇ ಆರಂಭವಾಯಿತು. ಇಂಗಾಲಾಮ್ಲವಾಯುವು ಶಾಖಕಿರಣಗಳನ್ನು ಹೀರಿಕೊಳ್ಳುತ್ತದೆಂಬುದನ್ನು ಜಾನ್ ಟಿಂಡಲ್ಲರು ಲಂಡನ್ನಿನಲ್ಲಿ ಆ ವರ್ಷ ಕೈಗೊಂಡ ಪ್ರಯೋಗಗಳಿಂದ ಅಳೆದು ತೋರಿಸಿದರು. ಆ ವಾಯುವು ಹೆಚ್ಚಿದರೆ ಭೂಮಿ ಎಷ್ಟು ಬಿಸಿಯಾದೀತೆಂದು 1896ರಲ್ಲಿ ಸ್ವೀಡನ್ನಿನ ಸ್ವಾಂಟೆ ಅರೇನಿಯಸರು ಗಣಿಸಿದರು. 12 ಭಾಗ ಇಂಗಾಲವು 32 ಭಾಗ ಆಮ್ಲಜನಕದೊಡನೆ ಸೇರಿ ಉರಿದರೆ 44 ಭಾಗ ಇಂಗಾಲಾಮ್ಲವಾಯುವಾಗುತ್ತದೆ. ಎಣ್ಣೆ ತೀರಿದರೂ ಇಂಗಾಲ ತೀರಲಿಲ್ಲ. ಪುರಾತನ ಸಮುದ್ರಗಳ ಸೂಕ್ಷ್ಮಜೀವಿಗಳು ಕೂಡಿಟ್ಟು, ಕೋಟ್ಯಂತರ ವರ್ಷ ಭೂಗರ್ಭದಲ್ಲಿದ್ದ ಆ ನಿಕ್ಷೇಪವನ್ನು ನಾವು ಕಲ್ಲಿದ್ದಲಿನೊಡನೆ ಕೆಲವೇ ತಲೆಮಾರುಗಳಲ್ಲಿ ಗಾಳಿಗೆ ಸುರಿದೆವು. ಯಂತ್ರಯುಗಕ್ಕೆ ಮುಂಚೆ 10 ಲಕ್ಷ ಭಾಗ ಗಾಳಿಯಲ್ಲಿ ಸುಮಾರು 280 ಭಾಗವಿದ್ದ ಈ ವಾಯುವು ಈಗ 420ನ್ನು ಮೀರಿದೆ.

ಬಟ್ಟಿಯ ಬಾಯಿಂದ ಇಳಿದುದನ್ನೆಲ್ಲ ಅಳೆದು ಮಾರಿದವರು ಹೊಗೆಯಾಗಿ ಏರಿದುದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಆ ಬಾಕಿಯನ್ನು ತೀರಿಸುವ ಹೊಣೆ ಈಗ ನಮ್ಮ ಮೇಲೆಯೂ ನಮ್ಮ ಮಕ್ಕಳ ಮೇಲೆಯೂ ಬಿದ್ದಿದೆ.