ನ್ಯಾಯಮೂರ್ತಿಗಳ ಆಯ್ಕೆ ಮತ್ತು ಬೀಗ ಬಿದ್ದ ಕೋರ್ಟ್ ಹಾಲ್‌ಗಳು

1949ರ ಮೇ 24. ದೆಹಲಿಯಲ್ಲಿ ಸಂವಿಧಾನ ರಚನಾ ಸಭೆ ಸೇರಿತ್ತು. ಮದ್ರಾಸ್ ಪ್ರಾಂತ್ಯವನ್ನು ಪ್ರತಿನಿಧಿಸುತ್ತಿದ್ದ ಮುಸ್ಲಿಂ ಲೀಗ್ ಸದಸ್ಯ, ಮಲಬಾರಿನ ವಕೀಲ ಬಿ. ಪೋಕರ್ ಸಾಹೇಬರು ಎದ್ದು ನಿಂತು ಒಂದು ತಿದ್ದುಪಡಿ ಮಂಡಿಸಿದರು. ನ್ಯಾಯಮೂರ್ತಿಗಳನ್ನು ನೇಮಿಸುವಾಗ ಭಾರತದ ಮುಖ್ಯ ನ್ಯಾಯಮೂರ್ತಿಗಳ ಸಲಹೆ ಕೇಳಿದರೆ ಸಾಲದು, ಅವರ ಒಪ್ಪಿಗೆಯೇ ಬೇಕು ಎಂಬುದು ಅದರ ಸಾರ. ಡಾ. ಅಂಬೇಡ್ಕರ್ ಅವರು ಇದಕ್ಕೆ ಒಪ್ಪಲಿಲ್ಲ. ಮುಖ್ಯ ನ್ಯಾಯಮೂರ್ತಿ ಎಷ್ಟೇ ಶ್ರೇಷ್ಠರಾದರೂ ಅವರೂ ಮನುಷ್ಯರೇ, ನಮ್ಮೆಲ್ಲರಿಗಿರುವ ದೌರ್ಬಲ್ಯ ಮತ್ತು ಪೂರ್ವಗ್ರಹಗಳು ಅವರಿಗೂ ಇರುತ್ತವೆ, ರಾಷ್ಟ್ರಪತಿಗಳಿಗೋ ಅಂದಿನ ಸರಕಾರಕ್ಕೋ ಕೊಡಲು ನಾವು ಸಿದ್ಧರಿಲ್ಲದ ಅಧಿಕಾರವನ್ನು ಅವರೊಬ್ಬರ ಕೈಗೆ ಕೊಡುವುದು ಅಪಾಯಕಾರಿ ಎಂಬರ್ಥದಲ್ಲಿ ಉತ್ತರಿಸಿದರು. ತಿದ್ದುಪಡಿ ಬಿದ್ದುಹೋಯಿತು. ರಾಜ್ಯಗಳ ಹೈಕೋರ್ಟುಗಳಿಗೂ ಇದೇ ತತ್ವ ಅನ್ವಯವಾಯಿತು. ಭಾರತದ ಮುಖ್ಯ ನ್ಯಾಯಮೂರ್ತಿ, ರಾಜ್ಯಪಾಲರು ಹಾಗೂ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳೊಡನೆ ಸಮಾಲೋಚಿಸಿ ರಾಷ್ಟ್ರಪತಿಗಳು ನೇಮಿಸತಕ್ಕದ್ದು ಎಂದು 217ನೇ ಅನುಚ್ಛೇದದಲ್ಲಿ ಬರೆಯಲಾಯಿತು.

‘ಸಮಾಲೋಚನೆ’ ಎಂಬ ಈ ಒಂದು ಪದದ ಅರ್ಥಕ್ಕಾಗಿಯೇ ನಮ್ಮ ದೇಶ ಮುಂದೆ ಹಲವು ದಶಕ ಜಗಳವಾಡಿತು. ಆ ಜಗಳದ ಖರ್ಚನ್ನು ಯಾರು ಭರಿಸಿದರು ಎಂಬುದು ಈ ಲೇಖನದ ವಿಷಯ.

ಮೊದಲ ಎರಡು ದಶಕ ದೊಡ್ಡ ಸದ್ದಿಲ್ಲದೆ ಕಳೆದವು. 1973ರ ಏಪ್ರಿಲ್‌ನಲ್ಲಿ ಹಿರಿಯರಾದ ಮೂವರನ್ನು ಬದಿಗಿರಿಸಿ ಭಾರತದ ಮುಖ್ಯ ನ್ಯಾಯಮೂರ್ತಿಯನ್ನು ನೇಮಿಸಲಾಯಿತು. ಆ ಮೂವರಲ್ಲಿ ಒಬ್ಬರು ನಮ್ಮ ಕರಾವಳಿಯ ಕೆ. ಎಸ್. ಹೆಗ್ಡೆ. ಮೂವರೂ ರಾಜೀನಾಮೆ ಕೊಟ್ಟರು. ಹೈಕೋರ್ಟುಗಳಿಗೆ ಏಟು ಬಿದ್ದದ್ದು ತುರ್ತುಪರಿಸ್ಥಿತಿಯಲ್ಲಿ. 1975ರ ಜೂನ್‌ನಲ್ಲಿ ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಇಲ್ಲಿಯೇ ಬಂಧಿಸಲಾಗಿತ್ತು. ಅವರು ಕರ್ನಾಟಕ ಹೈಕೋರ್ಟಿನ ಮೊರೆಹೋದರು. ಆ ಅರ್ಜಿಗಳನ್ನು ಆಲಿಸಿದವರಲ್ಲಿ ನ್ಯಾಯಮೂರ್ತಿ ಡಿ. ಎಂ. ಚಂದ್ರಶೇಖರ್ ಮತ್ತು ನ್ಯಾಯಮೂರ್ತಿ ಎಂ. ಸದಾನಂದಸ್ವಾಮಿ ಇದ್ದರು. 1976ರಲ್ಲಿ ದೇಶದ ಹದಿನಾರು ಹೈಕೋರ್ಟ್ ನ್ಯಾಯಮೂರ್ತಿಗಳನ್ನು ಅವರ ಒಪ್ಪಿಗೆಯಿಲ್ಲದೆ ದೂರದೂರಿಗೆ ವರ್ಗಾಯಿಸಿದಾಗ ಆ ಪಟ್ಟಿಯಲ್ಲಿ ಈ ಇಬ್ಬರ ಹೆಸರೂ ಇತ್ತು. ಒಬ್ಬರಿಗೆ ಅಲಹಾಬಾದ್, ಇನ್ನೊಬ್ಬರಿಗೆ ಗೌಹಾತಿ. ಸರಕಾರ ಆಯ್ಕೆಯ ಕಾನೂನಿನ ಒಂದಕ್ಷರವನ್ನೂ ಬದಲಿಸಿರಲಿಲ್ಲ, ಆದರೆ ಅದನ್ನು ನಡೆಸುವ ರೀತಿ ಬದಲಾಗಿತ್ತು. ಕಕ್ಷಿದಾರನಿಗೆ ಇದರ ಅರ್ಥ ಬೇಗ ತಿಳಿಯುತ್ತದೆ. ತನ್ನ ಪರವಾಗಿ ತೀರ್ಪು ಬರೆಯುವ ನ್ಯಾಯಮೂರ್ತಿ ಮುಂದಿನ ತಿಂಗಳು ಈ ಊರಲ್ಲಿ ಇರುತ್ತಾರೋ ಇಲ್ಲವೋ ಎಂಬ ಅನುಮಾನ ಹುಟ್ಟಿದ ಮೇಲೆ ಇನ್ಸಾಫ್ ಎಂಬ ಮಾತಿಗೆ ತೂಕವೆಲ್ಲಿ?

1981ರಲ್ಲಿ ಸುಪ್ರೀಂ ಕೋರ್ಟಿನ ಏಳು ಮಂದಿಯ ಪೀಠ, ನೇಮಕದಲ್ಲಿ ಸರಕಾರದ ಮಾತೇ ಕೊನೆಯದು ಎಂದಿತು. 1993ರ ಅಕ್ಟೋಬರ್ 6ರಂದು ಒಂಬತ್ತು ಮಂದಿಯ ಪೀಠ ಅದನ್ನು ತಿರುವಿಹಾಕಿ ಮುಖ್ಯ ನ್ಯಾಯಮೂರ್ತಿಗಳ ಅಭಿಪ್ರಾಯಕ್ಕೆ ಪ್ರಾಧಾನ್ಯ ಕೊಟ್ಟಿತು. ಕೊಲಿಜಿಯಂ ಪದ್ಧತಿ ಹುಟ್ಟಿದ್ದು ಹೀಗೆ. 1998ರಲ್ಲಿ ಅದರ ನಿಯಮಗಳು ಇನ್ನಷ್ಟು ಖಚಿತವಾದವು. ಪೋಕರ್ ಸಾಹೇಬರು ಕೇಳಿದ್ದು ನಲವತ್ತನಾಲ್ಕು ವರ್ಷಗಳ ನಂತರ ನ್ಯಾಯಾಲಯದ ತೀರ್ಪಿನ ಮೂಲಕ ಹೆಚ್ಚುಕಡಿಮೆ ದೊರಕಿತು. ಸ್ವಾರಸ್ಯವೆಂದರೆ ಆ ತೀರ್ಪಿಗೆ ಭಿನ್ನಮತ ಬರೆದ ಇಬ್ಬರಲ್ಲಿ ಒಬ್ಬರು ಎ. ಎಂ. ಅಹ್ಮದಿ. ಮರುವರ್ಷ ಅವರೇ ಭಾರತದ ಮುಖ್ಯ ನ್ಯಾಯಮೂರ್ತಿಯಾದರು. ಅಂದರೆ ತಮ್ಮ ಕುರ್ಚಿಗೆ ಬರಲಿದ್ದ ಅಧಿಕಾರವನ್ನೇ ಅವರು ಬೇಡವೆಂದಿದ್ದರು. ಪೋಕರ್ ಸಾಹೇಬರೂ ಅಹ್ಮದಿಯವರೂ ಎದುರುಬದುರು ನಿಂತಿದ್ದನ್ನು ಓದಿದಾಗ ನನಗೆ ಬೇಸರವಾಗಲಿಲ್ಲ. ಮುಸ್ಲಿಮರೆಲ್ಲ ಎಲ್ಲ ವಿಷಯದಲ್ಲೂ ಒಂದೇ ಮಾತಾಡಬೇಕು ಎಂಬ ನಿರೀಕ್ಷೆ ಎಲ್ಲಿಂದ ಬಂತೋ ತಿಳಿಯದು.

ಇನ್ನು 2014-15ರ ಕಥೆಗೆ ಬರೋಣ. 2014ರ ಆಗಸ್ಟ್‌ನಲ್ಲಿ ಸಂಸತ್ತು 99ನೇ ತಿದ್ದುಪಡಿಗೆ ಒಪ್ಪಿಗೆ ನೀಡಿತು. ಕೊಲಿಜಿಯಂ ಬದಲಿಗೆ ಆರು ಮಂದಿಯ ರಾಷ್ಟ್ರೀಯ ನ್ಯಾಯಾಂಗ ನೇಮಕಾತಿ ಆಯೋಗ. ಮುಖ್ಯ ನ್ಯಾಯಮೂರ್ತಿ, ಇಬ್ಬರು ಹಿರಿಯ ನ್ಯಾಯಮೂರ್ತಿಗಳು, ಕಾನೂನು ಸಚಿವರು ಮತ್ತು ಇಬ್ಬರು ಗಣ್ಯರು. ಗಣ್ಯರಲ್ಲಿ ಒಬ್ಬರು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು ಅಥವಾ ಮಹಿಳೆಯರ ಪೈಕಿ ಇರಬೇಕೆಂಬ ಒಳ್ಳೆಯ ಅಂಶವೂ ಅದರಲ್ಲಿತ್ತು. 2015ರ ಏಪ್ರಿಲ್ 13ರಂದು ಇದು ಜಾರಿಗೆ ಬಂತು. ಆ ದಿನವೇ ಕೊಲಿಜಿಯಂ ಇಲ್ಲವಾಯಿತು. ಆದರೆ ಆಯೋಗ ಕಣ್ಣು ತೆರೆಯಲೇ ಇಲ್ಲ. ಗಣ್ಯರನ್ನು ಆರಿಸುವ ಸಮಿತಿಯಲ್ಲಿ ಕೂರಬೇಕಿದ್ದವರು ಅಂದಿನ ಮುಖ್ಯ ನ್ಯಾಯಮೂರ್ತಿ, ಕರ್ನಾಟಕ ಹೈಕೋರ್ಟಿನಿಂದಲೇ ಬೆಳೆದು ಬಂದ ಎಚ್. ಎಲ್. ದತ್ತು. ಕಾಯ್ದೆಯ ಸಿಂಧುತ್ವ ತೀರ್ಮಾನವಾಗುವವರೆಗೆ ಸಭೆಗೆ ಬರುವುದಿಲ್ಲವೆಂದು ಅವರು ಪ್ರಧಾನಿಯವರಿಗೆ ತಿಳಿಸಿದರು. ಕಾನೂನಿನ ದೃಷ್ಟಿಯಿಂದ ಅದನ್ನು ತಪ್ಪೆನ್ನಲಾಗದು. ಫಲಿತಾಂಶ ಮಾತ್ರ ಕಣ್ಣ ಮುಂದಿದೆ: ಹಳೆಯದೂ ಇಲ್ಲ, ಹೊಸದೂ ಇಲ್ಲ. ಅವಧಿ ಮುಗಿಯುತ್ತಿದ್ದ ಹೆಚ್ಚುವರಿ ನ್ಯಾಯಮೂರ್ತಿಗಳನ್ನು ಮೂರು ತಿಂಗಳ ಮಟ್ಟಿಗೆ ಮುಂದುವರಿಸಿ ಕೆಲಸ ನಡೆಸಬೇಕಾಯಿತು. ನಿವೃತ್ತಿ ಮಾತ್ರ ತನ್ನ ಪಾಡಿಗೆ ನಡೆದೇ ಇತ್ತು. ಅಕ್ಟೋಬರ್ 16ರಂದು ನಾಲ್ಕು-ಒಂದರ ಬಹುಮತದಿಂದ ಆಯೋಗ ರದ್ದಾಯಿತು. ನ್ಯಾಯಮೂರ್ತಿ ಚೆಲಮೇಶ್ವರ್ ಅವರದು ಭಿನ್ನಮತ. ಕೊಲಿಜಿಯಂ ಮರಳಿತು. ಆದರೆ ನೇಮಕದ ಕಾರ್ಯವಿಧಾನವನ್ನು ತಿದ್ದಬೇಕೆಂದು ಕೋರ್ಟು ಹೇಳಿದ್ದರಿಂದ ಹೊಸ ಜಗ್ಗಾಟ ಶುರುವಾಗಿ, ಸರಕಾರಕ್ಕೂ ನ್ಯಾಯಾಲಯಕ್ಕೂ ನಡುವೆ ಕರಡು ಪತ್ರ ವರ್ಷಗಟ್ಟಲೆ ಓಡಾಡಿತು.

ಈ ಬದಲಾವಣೆಯ ಬಿಲ್ಲು ಬಂದದ್ದು 2016ರಲ್ಲಿ. ದೇಶದ ಹೈಕೋರ್ಟುಗಳ ಮಂಜೂರಾದ 1079 ಹುದ್ದೆಗಳಲ್ಲಿ ನಾನೂರಕ್ಕೂ ಹೆಚ್ಚು ಖಾಲಿ ಬಿದ್ದಿದ್ದವು. ಏಪ್ರಿಲ್ 24ರಂದು ದೆಹಲಿಯ ಸಮಾವೇಶದಲ್ಲಿ ಮುಖ್ಯ ನ್ಯಾಯಮೂರ್ತಿ ಟಿ. ಎಸ್. ಠಾಕೂರ್ ಅವರು ಪ್ರಧಾನಿಯವರ ಎದುರಿಗೇ ಕಣ್ಣೀರು ಹಾಕಿದರು. ಅಕ್ಟೋಬರ್‌ನಲ್ಲಿ ಸರಕಾರದ ವಕೀಲರನ್ನು ತರಾಟೆಗೆ ತೆಗೆದುಕೊಂಡಾಗ ಅವರು ಕೊಟ್ಟ ಉದಾಹರಣೆ ಕರ್ನಾಟಕ ಹೈಕೋರ್ಟಿನದು: ನ್ಯಾಯಮೂರ್ತಿಗಳಿಲ್ಲದೆ ಅಲ್ಲಿನ ಕೆಳ ಅಂತಸ್ತಿನ ಕೋರ್ಟ್ ಹಾಲ್‌ಗಳಿಗೆ ಬೀಗ ಬಿದ್ದಿದೆ ಎಂದರು. ಆ ವರ್ಷ 126 ನೇಮಕಗಳಾದರೂ ಹಳೆಯ ಹೊರೆ ಕರಗಲಿಲ್ಲ. ನಮ್ಮ ಹೈಕೋರ್ಟಿನ ಮಂಜೂರಾತಿ ಬಲ 62. 2018ರ ಫೆಬ್ರವರಿ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಕುರ್ಚಿ ಖಾಲಿಯಾಗಿ ಬೆಂಗಳೂರಿನ ವಕೀಲರು ಉಪವಾಸ ಕುಳಿತರು. ಉಳಿದವರಲ್ಲೇ ಧಾರವಾಡಕ್ಕೂ ಕಲಬುರಗಿಗೂ ಪಾಲು ಹಂಚಬೇಕಿತ್ತು.

ಖಾಲಿ ಕುರ್ಚಿಯ ಲೆಕ್ಕ ಸರಕಾರದ ಬಜೆಟ್ಟಿನಲ್ಲಿ ಕಾಣಿಸುವುದಿಲ್ಲ, ಸಂಬಳ ಉಳಿಯಿತೆಂದೇ ತೋರುತ್ತದೆ. ಅದರ ನಿಜವಾದ ಲೆಕ್ಕ ಬೇರೆಡೆ ಇದೆ. ಶಿಕ್ಷೆಯ ವಿರುದ್ಧ ಮೇಲ್ಮನವಿ ಹಾಕಿದವನು ಮೇಲ್ಮನವಿ ಕೈಗೆತ್ತಿಕೊಳ್ಳುವ ಮೊದಲೇ ಶಿಕ್ಷೆ ಮುಗಿಸಿರುತ್ತಾನೆ. ಅಪಘಾತದಲ್ಲಿ ಗಂಡನನ್ನು ಕಳೆದುಕೊಂಡವಳ ಪರಿಹಾರದ ವಿರುದ್ಧ ವಿಮಾ ಕಂಪನಿ ಮೇಲ್ಮನವಿ ಹಾಕಿದರೆ ಮಕ್ಕಳು ಶಾಲೆ ಬಿಡುವ ವಯಸ್ಸಾಗಿರುತ್ತದೆ. ಭೂನ್ಯಾಯಮಂಡಳಿಯ ಆದೇಶಗಳು, ವಕ್ಫ್ ಜಮೀನಿನ ತಕರಾರುಗಳು ತಂದೆಯಿಂದ ಮಗನಿಗೆ ಆಸ್ತಿಯಂತೆ ಬರುತ್ತವೆ. ಸಂವಿಧಾನ ಪೀಠದಲ್ಲಿ ವಾದಿಸಿದ ಯಾರೂ ಇವರ ಹೆಸರು ಹೇಳಲಿಲ್ಲ.

ಹಾಗೆಂದು ಕೊಲಿಜಿಯಂ ಪದ್ಧತಿ ನಿರ್ದೋಷಿ ಎಂದು ನಾನು ಹೇಳಲಾರೆ. 2018ರಿಂದ 2022ರ ಅಂತ್ಯದವರೆಗೆ ಹೈಕೋರ್ಟುಗಳಿಗೆ ನೇಮಕವಾದ 537 ಮಂದಿಯಲ್ಲಿ ಅಲ್ಪಸಂಖ್ಯಾತರು ಶೇ. 2.6, ಹಿಂದುಳಿದ ವರ್ಗದವರು ಶೇ. 11 ಎಂದು ಕಾನೂನು ಸಚಿವಾಲಯವೇ ಸಂಸದೀಯ ಸಮಿತಿಗೆ ತಿಳಿಸಿದೆ. ಪದ್ಧತಿ ಬದಲಾಗಬೇಕೆಂಬ ಮಾತಿಗೆ ಈ ಅಂಕಿ ಸಾಕು. ಆದರೆ ಹೊಸ ಮನೆಯ ಸೂರು ಹೊದಿಸುವ ಮೊದಲು ಹಳೆಯ ಮನೆ ಕೆಡವಿದರೆ ಮಳೆಗೆ ನೆನೆಯುವವರು ಯಾರೆಂಬುದನ್ನು 2015 ತೋರಿಸಿಕೊಟ್ಟಿತು.

ನಮ್ಮ ವಿದ್ಯಾರ್ಥಿಗಳಿಗಾಗಿ ಇನ್ನೊಂದು ಮಾತು. ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿ ಫಾತಿಮಾ ಬೀವಿಯವರು 1958ರಲ್ಲಿ ಕೇರಳದಲ್ಲಿ ಮುನ್ಸೀಫರಾಗಿ ಸೇವೆಗೆ ಸೇರಿ, 1983ರಲ್ಲಿ ಹೈಕೋರ್ಟಿಗೆ, 1989ರಲ್ಲಿ ದೆಹಲಿಗೆ ಹೋದರು. ಮೂಡುಬಿದಿರೆ ಕಡೆಯ ಎಸ್. ಅಬ್ದುಲ್ ನಝೀರ್ ಅವರು ವಕೀಲಿಯಿಂದ 2003ರಲ್ಲಿ ಕರ್ನಾಟಕ ಹೈಕೋರ್ಟಿಗೆ, 2017ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಮೇಲಿನ ಜಗಳ ಏನೇ ಇರಲಿ, ನಮ್ಮ ರಾಜ್ಯದಲ್ಲಿ ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಹೈಕೋರ್ಟ್ ನಡೆಸುವ ಪರೀಕ್ಷೆಯಿದೆ. ಅದಕ್ಕೆ ಯಾರ ಶಿಫಾರಸೂ ಬೇಕಿಲ್ಲ, ಕಾನೂನು ಪದವಿ ಮತ್ತು ಅಧಿಸೂಚನೆ ಕೇಳುವ ಅರ್ಹತೆ ಇದ್ದರೆ ಅರ್ಜಿ ಹಾಕಬಹುದು.